ದಂಡನಾಯಕಿಯ ಕಾಗದದ ಚೀಲ ಹೊತ್ತು ಹ್ಯಾರೋಗೆ

ಮಗಳ ಮನೆಯಿರುವ ಫೆಲ್ಥಮ್‌ನಿಂದ ಹ್ಯಾರೋಗೆ ಎರಡು ಬಸ್ಸು. ಅಳಿಯನ ಕಾರಲ್ಲಾದರೆ ಹೋದದ್ದೇ ಗೊತ್ತಾಗುವುದಿಲ್ಲ. ನಾನು ಹೊರಟದ್ದು ಬಸ್ಸಿನಲ್ಲಿ, ಒಬ್ಬಳೇ, ಇಂಗ್ಲಿಷ್ ಬಾರದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು; ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ. ಆದರೆ ಹೇಳದೆ ಇರಲಾರೆ. ನನ್ನ ಮೊಮ್ಮಗಳು ದಂಡನಾಯಕಿ ಆದಳು!

ಮಗಳ ಮಗಳು ಅನ್ವಿತಾ, ಹನ್ನೊಂದು ವರ್ಷ. ಅವಳ ಶಾಲೆಯ ನಾಟಕ, ಹ್ಯಾರೋದ ಒಂದು ದೊಡ್ಡ ಹಾಲ್‌ನಲ್ಲಿ. ಹಿಂದಿನ ಕಾಲದಲ್ಲಿ ಈ ಇಂಗ್ಲಿಷರ ದೇಶದಲ್ಲಿ ರಾಜನ ಕಡೆಯವರೂ ಪಾರ್ಲಿಮೆಂಟಿನ ಕಡೆಯವರೂ ತಮ್ಮತಮ್ಮಲ್ಲೇ ಹೊಡೆದಾಡಿದರಂತೆ. ನಾಟಕದಲ್ಲಿ ಕತ್ತಿ ಬೀಸುವುದಿಲ್ಲ, ಅದು ಯುದ್ಧ ಮುಗಿಯುವ ಹೊತ್ತಿನ ಕಥೆ. ಪಾರ್ಲಿಮೆಂಟಿನ ಕಡೆಯ ದಂಡನಾಯಕನ ಪಾರ್ಟು ಇವಳದು.

“ಯುದ್ಧ ಮುಗ್ದ್ ಮೇಲೆ ದಂಡನಾಯಕನಿಗೆ ಎಂತ ಕೆಲ್ಸ ಮಗಾ?” ಅಂತ ಕೇಳಿದ್ದೆ.

“ಲೆಟರ್ಸ್, ಅಮ್ಮಮ್ಮ. ಓನ್ಲಿ ಲೆಟರ್ಸ್!” ಅಂದಳು. ನಾನು ಹೇಳುವುದೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷ್.

ಕೋಟೆಯ ಬಾಗಿಲು ಹಾಕಿ ಕೂತ ಶತ್ರುವಿಗೆ ಒಂದು ಕಾಗದ: ಶರಣಾಗು, ಜೀವ ತೆಗೆಯುವುದಿಲ್ಲ. ಪಾರ್ಲಿಮೆಂಟಿಗೊಂದು: ನನ್ನ ಸೈನಿಕರಿಗೆ ಸಂಬಳ ಕಳಿಸಿ, ಮನೆಗೆ ಹೋಗಲಿ. ಹಳ್ಳಿಯವರಿಗೊಂದು: ನಮ್ಮವರು ಕುದುರೆ, ಧಾನ್ಯ ಕಸಿದಿದ್ದರೆ ಬಂದು ಹೇಳಿ. ಕೊನೆಯದು ಸತ್ತುಹೋದ ಒಬ್ಬ ಸೈನಿಕನ ತಾಯಿಗೆ. ಎಲ್ಲವನ್ನೂ ಅವಳೇ ಶಾಯಿಯಲ್ಲಿ ಬರೆದಿದ್ದಳು, ವಾರಗಟ್ಟಲೆ ಬೆರಳೆಲ್ಲ ನೀಲಿ! ರಂಗದ ಮೇಲೆ ಒಂದೊಂದನ್ನೇ ಓದಿ ಕೆಂಪು ಅರಗಿನ ಮುದ್ರೆ ಒತ್ತಬೇಕು. ಮಾತೆಲ್ಲ ಬಾಯಿಪಾಠ, ಕಾಗದಗಳು ಮಾತ್ರ ನೋಡಿ ಓದುವುದು.

ನಾಟಕದ ಹಿಂದಿನ ಸಂಜೆ ನಾನು ಆ ಕಾಗದಗಳ ಚೀಲವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದೆ. ನಮ್ಮಲ್ಲಿ ಹೊಸ ಕೆಲಸಕ್ಕೆ ಮೊದಲು ಹಾಗೇ ಅಲ್ಲವಾ? ಬೆಳಿಗ್ಗೆ ಅಪ್ಪ ಮಗಳು ಗಡಿಬಿಡಿಯಲ್ಲಿ ಓಡಿದರು. ಆಮೇಲೆ ದೀಪಕ್ಕೆ ಎಣ್ಣೆ ಹಾಕಲು ಹೋದರೆ ಚೀಲ ದೇವರ ಮುಂದೆಯೇ ಕೂತಿದೆ!

ಫೋನಿಗೆ ಓಡಿದೆ. ಅಳಿಯ ರವೀಂದ್ರ ಫೋನ್ ಎತ್ತಲಿಲ್ಲ. ಮಗಳು ಏರ್‌ಪೋರ್ಟಿನಲ್ಲಿ ಡ್ಯೂಟಿಯಲ್ಲಿದ್ದಳು, ಅಲ್ಲಿ ಫೋನ್ ಹೊರಗಿಟ್ಟು ಒಳಗೆ ಹೋಗಬೇಕು. ನಾಟಕ ಎರಡು ಗಂಟೆಗೆ. ಬರಿಗೈಯಲ್ಲಿ ನಿಂತ ಮಗು ಕಣ್ಣ ಮುಂದೆ ಬಂತು. ಸೀರೆ ಮೇಲೆ ಸ್ವೆಟರ್, ಅದರ ಮೇಲೆ ಮಗಳ ಕೋಟು ಹಾಕಿ ಬಾಗಿಲೆಳೆದುಕೊಂಡೆ.

ಸಣ್ಣಗೆ ಹನಿ ಬೀಳುತ್ತಿತ್ತು. ತೊಂಬತ್ತನೇ ನಂಬರಿನ ಬಸ್ಸು ಬಂತು. ದುಡ್ಡು ಚಾಚಿದರೆ ಡ್ರೈವರ್ ತಲೆ ಅಲ್ಲಾಡಿಸಿದ. ಇಲ್ಲಿ ನೋಟು ಚಿಲ್ಲರೆ ನಡೆಯುವುದಿಲ್ಲ. ಮಗಳು ಕೊಟ್ಟಿದ್ದ ಕಾರ್ಡ್ ಒತ್ತಿದೆ, ಕುಂಯ್ ಅಂತು. ಒಂದು ಮುಕ್ಕಾಲು ಪೌಂಡು, ಗಂಟೆಯೊಳಗೆ ಹತ್ತಿದರೆ ಎರಡನೇ ಬಸ್ಸು ಪುಕ್ಕಟೆ. ಏರ್‌ಪೋರ್ಟಿನ ಹತ್ತಿರ ವಿಮಾನವೊಂದು ಬಸ್ಸಿನ ತಲೆ ಸವರುವ ಹಾಗೆ ಇಳಿಯಿತು. ಚೀಲವನ್ನು ಹೊಟ್ಟೆಗೆ ಅವುಚಿಕೊಂಡೆ.

ಹೇಯ್ಸ್ ಅನ್ನುವಲ್ಲಿ ಬಸ್ಸು ನಿಂತಿತು. ಏನೋ ಅನೌನ್ಸ್ ಆಯಿತು, ಎಲ್ಲರೂ ಇಳಿದರು. ನಾನು ಕೂತೇ ಇದ್ದೆ. ದೀಪ ಆರಿತು. ಪೊಲೀಸರು ಬಂದು ಏನಾದರೂ ಕೇಳಿದರೆ? ಮನೆಯ ವಿಳಾಸವೂ ಪೂರ್ತಿ ಹೇಳಲು ಬಾರದು.

“ಅಕ್ಕಾ, ಇಳೀರಿ. ಇದು ಮುಂದೆ ಹೋಗಲ್ಲ,” ಅಂತ ತಮಿಳಿನಲ್ಲಿ ಒಂದು ದನಿ. ನಮ್ಮ ಯಜಮಾನರು ಮದ್ರಾಸಿನ ಹೋಟೆಲಿನಲ್ಲಿ ಅಡಿಗೆಗಿದ್ದಾಗ ಕಲಿತ ತಮಿಳು ದೇವರ ಹಾಗೆ ಒದಗಿತು. ಸೆಲ್ವಿ ಅಂತ ಹೆಸರು, ಸಿಲೋನಿನವಳು, ಐವತ್ತರ ಆಸುಪಾಸು. ಹ್ಯಾರೋಗೆ ಅಂದದ್ದೇ, ಕೈಹಿಡಿದು ಇಳಿಸಿ ನೂರಾ ನಲವತ್ತನೇ ನಂಬರಿಗೆ ಹತ್ತಿಸಿ ಪಕ್ಕದಲ್ಲಿ ಕೂತಳು.

“ಒಬ್ಬರೇ ಬಂದ್ರಾ? ಮಗಳು ಬೈಯಲ್ವಾ?”

“ಬೈಯಲಿ. ತಲುಪಿದ ಮೇಲೆ ಬೈಯಲಿ.”

ನಕ್ಕಳು. ಚೀಲದಲ್ಲಿ ಏನು ಅಂತ ಕೇಳಿದಳು. ನಾನು ಹಿಗ್ಗಿನಲ್ಲಿ ಎಲ್ಲ ಹೇಳಿದೆ, ತಾಯಿಗೆ ಬರೆದ ಕಾಗದದವರೆಗೆ. ಅವಳು ಕಿಟಕಿಯ ಕಡೆ ತಿರುಗಿದಳು.

“ನಮ್ಮಲ್ಲೂ ಯುದ್ಧ ಮುಗೀತು ಅಕ್ಕಾ. ಮುಗಿದ ದಿನ ಸೈನ್ಯದವರು ನಮ್ಮನ್ನೆಲ್ಲ ಸಾಲಾಗಿ ನಡೆಸಿದರು. ನಮ್ಮಣ್ಣನನ್ನು ನನ್ನ ಕಣ್ಣೆದುರೇ ಬಸ್ಸು ಹತ್ತಿಸಿದರು. ಆ ಬಸ್ಸು ಎಲ್ಲಿಗೆ ಹೋಯಿತು ಅಂತ ಇವತ್ತಿನವರೆಗೆ ಯಾವ ದಂಡನಾಯಕನೂ ನಮ್ಮಮ್ಮನಿಗೆ ಬರೆಯಲಿಲ್ಲ.”

ಅಲ್ಲಿವರೆಗೆ ನನಗಿದ್ದದ್ದು ದಾರಿ ತಪ್ಪುವ ಭಯ. ಈಗ ಕೂತ ಬಸ್ಸಿನ ಸೀಟೇ ಭಯ ಹುಟ್ಟಿಸಿತು. ಹತ್ತುವವರ, ಇಳಿಯುವವರ ಮುಖವನ್ನೆಲ್ಲ ನೋಡುತ್ತಾ ಕೂತೆ.

ಸೌತ್ ಹ್ಯಾರೋದಲ್ಲಿ ಅವಳು ಎದ್ದಳು. “ದೊಡ್ಡ ಬಸ್ ಸ್ಟೇಷನ್ ಬರುತ್ತೆ, ಅಲ್ಲಿ ಇಳೀರಿ. ನಿಮ್ಮ ದಂಡನಾಯಕಿಗೆ ಹೇಳಿ, ನಮ್ಮ ಮನೆಗೂ ಒಂದು ಕಾಗದ ಬಾಕಿ ಇದೆ ಅಂತ. ಅಣ್ಣನ ಹೆಸರು ಮುರುಗೇಶು.” ತಮಾಷೆಯಂತೆ ಹೇಳಿದಳು. ನಗು ಮಾತ್ರ ತುಟಿ ದಾಟಲಿಲ್ಲ.

ಬಸ್ ಸ್ಟೇಷನ್ನಿನಿಂದ ಆಚೆ ಬಾಳೆಕಾಯಿ ಗೊನೆ ತೂಗುಹಾಕಿದ ನಮ್ಮ ಕಡೆಯ ದಿನಸಿ ಅಂಗಡಿ, ಅದರ ಹಿಂದೆ ನಾಟಕದ ಹಾಲ್. ಮೊದಲೊಮ್ಮೆ ಬಂದಿದ್ದರಿಂದ ಗುರುತು ಸಿಕ್ಕಿತು. ನಾಟಕ ಶುರುವಾಗುವುದರಲ್ಲಿತ್ತು. ಅನ್ವಿತಾ ದೊಡ್ಡ ಟೊಪ್ಪಿ ಹಾಕಿ ಮೆಟ್ಟಿಲ ಮೇಲೆ ಬಿಳಿಚಿಕೊಂಡು ಕೂತಿದ್ದಳು. ರವೀಂದ್ರ ಮನೆಗೆ ಓಡಲು ಕಾರಿನ ಕೀಲಿ ಹಿಡಿದು ನಿಂತಿದ್ದ.

“ಅಮ್ಮಮ್ಮ! ಹೌ ಡಿಡ್ ಯು ಕಮ್?”

“ಬಸ್ಸಲ್ಲಿ. ನಿನ್ನ ದೂತ ನಾನೇ ಅಲ್ದಾ!”

ಅವಳ ಸೊಂಟದ ಕೆಂಪು ಪಟ್ಟಿ ಬಿಗಿಯುತ್ತಾ ಸೆಲ್ವಿಯ ಮಾತನ್ನೂ ಹೇಳಿಬಿಟ್ಟೆ. ಆಡುವ ಮಗುವಿಗೆ ಆ ಹೊತ್ತಿನಲ್ಲಿ ಯಾಕೆ ಹೇಳಿದೆನೋ. ಅವಳು ಚೀಲ ಕಿತ್ತುಕೊಂಡು ಓಡಿದಳು.

ಅಯ್ಯೋ, ಏನು ಗತ್ತು! ನಮ್ಮೂರ ಯಕ್ಷಗಾನ ಮೇಳದ ದೊಡ್ಡ ಪಾರ್ಟಿನ ಎರಡನೇ ವೇಷವೂ ಹಾಗೆ ನಿಲ್ಲುವುದಿಲ್ಲ. ಕಾಗದ ಓದಿದಳು, ಮುದ್ರೆ ಒತ್ತಿದಳು. ಕೊನೆಯ ಕಾಗದವೂ ಮುಗಿದು, ಗುಮಾಸ್ತೆಯ ಪಾರ್ಟಿನ ಹುಡುಗಿ ಮೇಣದಬತ್ತಿ ಎತ್ತಿಕೊಂಡು ಹೊರಟಳು. ಆಗ ಅನ್ವಿತಾ ಕೈ ಅಡ್ಡ ಹಿಡಿದು ನಿಲ್ಲಿಸಿದಳು. ಖಾಲಿ ಹಾಳೆ ಎಳೆದುಕೊಂಡಳು. ರಂಗದ ಪಕ್ಕದಲ್ಲಿ ನಿಂತ ಟೀಚರು ಕೈಯಲ್ಲಿದ್ದ ನಾಟಕದ ಪುಟಗಳನ್ನು ತಿರುವಿ ಹಾಕತೊಡಗಿದರು. ಮರೆತಳು, ಎಲ್ಲ ಹೋಯಿತು ಅಂತ ನಾನು ಕಣ್ಣು ಮುಚ್ಚಿದೆ.

ಬರೆಯುತ್ತಾ ಓದಿದಳು. ಇಂಗ್ಲಿಷಿನ ನಡುವೆ ನನಗೆ ತಿಳಿದದ್ದು ಒಂದೇ ಮಾತು: ಮುರುಗೇಶು. ಆಮೇಲೆ ಮುದ್ರೆ ಬಿದ್ದ ಸದ್ದು, ಚಪ್ಪಾಳೆ.

ವಾಪಸು ಕಾರಿನಲ್ಲಿ ಅಳಿಯ ಬೈದ. “ಅತ್ತೆ, ನೀವು ಕಳೆದುಹೋಗಿದ್ರೆ ಎಲ್ಲಿ ಹುಡುಕೋದು?” ನಾನು ಹಿಂದೆ ಮೊಮ್ಮಗಳ ಪಕ್ಕದಲ್ಲಿ ಕೂತಿದ್ದೆ. ಕೆಂಪು ಮುದ್ರೆಯ ಆ ಕಾಗದವನ್ನು ಅವಳು ನನ್ನ ಮಡಿಲಲ್ಲಿಟ್ಟಳು.

“ಎಂತ ಬರ್ದೆ ಮಗಾ?”

ತೊದಲುತ್ತಾ ಕನ್ನಡದಲ್ಲೇ ಹೇಳಿದಳು. “ಬಸ್ ಎಲ್ಲಿ ಹೋಯ್ತು, ನಂಗೆ ಗೊತ್ತಿಲ್ಲ. ನಾನು ಕೇಳ್ತಾ ಇರ್ತೇನೆ. ಅಷ್ಟೇ.”

ಸೌತ್ ಹ್ಯಾರೋ ಸ್ಟಾಪಿನ ಹತ್ತಿರ ಕಾರು ನಿಧಾನ ಮಾಡಿಸಿದೆ. ಕಾಗದ ಕೊಡಲು ಸೆಲ್ವಿ ಎಲ್ಲೂ ಕಾಣಲಿಲ್ಲ. ಎದುರಿಂದ ಬಸ್ಸೊಂದು ಜನ ತುಂಬಿಕೊಂಡು ಬರುತ್ತಿತ್ತು, ಹಣೆಯ ಮೇಲೆ ದೊಡ್ಡ ಅಕ್ಷರದಲ್ಲಿ ಊರಿನ ಹೆಸರು.

“ಅದ್ ಎಲ್ಲಿಗ್ ಹೋತ್, ಓದ್ ಕಾಂಬ,” ಅಂದೆ, ಆ ಹೆಸರಿಗೆ ಬೆರಳು ಮಾಡಿ.

ಅವಳು ಕಿಟಕಿಗೆ ಮುಖವೊತ್ತಿ, ಬಸ್ಸು ದಾಟಿ ಹೋಗುವ ಮೊದಲು, ಓದಿ ಹೇಳಿದಳು.