ಒಲ್ಲೆ ಎಂದವರಿಗೆ ಎಷ್ಟು ಗಾಳಿ?

ಹೋದ ಭಾನುವಾರ ಬೆಳಿಗ್ಗೆ ನಮ್ಮ ಕಾರಿಗೆ ಮೂರು ಸಲ ಗಾಳಿ ಹಾಕಿಸಿದೆವು. ಪಂಕ್ಚರ್ ಆಗಿತ್ತೇ? ಇಲ್ಲ. ಟೈರು ಹಳೆಯವೇ? ಅದೂ ಅಲ್ಲ. ನಮ್ಮ ಮನೆಯವರೆಲ್ಲ ಬಹಳ ಮರ್ಯಾದಸ್ಥರು, ಅದೇ ತೊಂದರೆ.

ಮೊಮ್ಮಕ್ಕಳೇ, ನಿಮಗೆಂದು ಬರೆಯುವ ಈ ಅಂಕಣವನ್ನು ನಿಮಗಿಂತ ಹೆಚ್ಚು ಊರಿನವರೇ ಓದುತ್ತಾರೆಂದು ಗೊತ್ತು. ಓದಲಿ. ಅವರ ಮನೆಯಲ್ಲೂ ಇದೇ ಕಥೆ.

ಚಂದಾಪುರದಲ್ಲಿ ನಿಮ್ಮ ಐಶ್ವರ್ಯಕ್ಕನ ಕುಬಸ (ನೀವು ಸೀಮಂತ ಅನ್ನುತ್ತೀರಲ್ಲ, ಅದು) ಇತ್ತು. ನನ್ನ ಮಗಳ ಮಗಳು, ಚೊಚ್ಚಲ ಬಸುರಿ. ಸೋದರಮಾವನ ಸೀರೆ ಚಿತ್ತಾಪುರದ ನಮ್ಮ ಮನೆಯಿಂದಲೇ ಹೋಗಬೇಕು. ಆ ಸೋದರಮಾವ ನನ್ನ ಮಗ ಶರಣು, ಕಚೇರಿಯ ಗುಮಾಸ್ತ. ಬರೆದದ್ದನ್ನು ಬಿಟ್ಟು ಬೇರೇನನ್ನೂ ನಂಬುವವನಲ್ಲ.

ಅವನಿಗೆ ಗಾಳಿಯ ಚಿಂತೆ ಹತ್ತಿದ್ದಕ್ಕೂ ಕಾರಣವಿದೆ. ಸೇಡಂಗೆ ಹೋದಾಗ ಗಾಳಿ ಹೆಚ್ಚಾಗಿ ಕಾರು ಕುಪ್ಪಳಿಸಿತ್ತು; ನನ್ನ ನೆಗೆಣ್ಣಿ ನೀಲಮ್ಮನ ಹಲ್ಲಿನ ಸೆಟ್ಟು ಅವಳ ಉಡಿಯಲ್ಲೇ ಬಿದ್ದಿತ್ತು. ಶಹಾಬಾದಿಗೆ ಹೋದಾಗ ಕಡಿಮೆಯಾಗಿ, ಹೊಟ್ಟೆ ತುಂಬ ಮೇದ ಎಮ್ಮೆಯ ಹಾಗೆ ನಡೆದಿತ್ತು. ಗಾಳಿ ಹಾಕುವ ಮೆಹಬೂಬನನ್ನು ಕೇಳಿದರೆ, "ನಾ ಎಲ್ಲಾರಿಗೂ ಮೂವತ್ತೈದ ಹಾಕ್ತೀನ್ರಿ ಸರ್. ಯಾರೂ ತಿರುಗಿ ಬಂದು ಜಗಳಾಡಿಲ್ಲ" ಎಂದನಂತೆ.

"ತಿರುಗಿ ಬರಾಕ ಅವ್ರು ಉಳದಾರೋ ಇಲ್ಲೋ ಯಾರಿಗ್ಗೊತ್ತು?" ಎಂದು ಶರಣು ಮನೆಗೆ ಬಂದು ಕಾರನ್ನೆಲ್ಲ ತಡಕಾಡಿದ. ಸಿಕ್ಕಿತು! ಡ್ರೈವರ್ ಬಾಗಿಲು ತೆಗೆದರೆ ಒಳಗಿನ ಕಂಬದ ಮೇಲೆ ಒಂದು ಚೀಟಿ. ಅಮಾವಾಸ್ಯೆಗೊಮ್ಮೆ ಪೂಜೆ ಮಾಡಿ ವಿಭೂತಿ ಬಳಿದು ಬಳಿದು ಅದನ್ನು ಮುಚ್ಚಿಬಿಟ್ಟಿದ್ದೆವು. ಉಗುರಿನಿಂದ ಕೆರೆದರೆ ಚಿತ್ರಗಳು ಕಂಡವು. ಮಂದಿ ಕಡಿಮೆ ಇದ್ದರೆ ಇಷ್ಟು, ಐದು ಮಂದಿ ಸಾಮಾನು ಸಮೇತ ಇದ್ದರೆ ಇಷ್ಟು. ಅದೂ ಟೈರು ತಣ್ಣಗಿದ್ದಾಗಲೇ ಅಳೆಯಬೇಕಂತೆ. (ನಮ್ಮ ಕಡೆ ಬೇಸಿಗೆಯಲ್ಲಿ ಗಡಿಗೆಯ ನೀರು ಬಿಟ್ಟು ತಣ್ಣಗಿರುವುದು ಏನಿದೆ?) ನಾನು ಓದಿದ್ದು ಗುಂಡಗುರ್ತಿಯ ಶಾಲೆಯಲ್ಲಿ. ಗಾಳಿಯನ್ನೂ ತಲೆ ಎಣಿಸಿ ಹಂಚಬೇಕೆಂದು ಅಲ್ಲಿ ಯಾರೂ ಕಲಿಸಿರಲಿಲ್ಲ.

ಸರಿ, ಹಿಂದಿನ ಸಂಜೆ ಶರಣು ಲೆಕ್ಕಕ್ಕೆ ಕೂತ. "ನಾಳಿ ಯಾರ್ ಯಾರ್ ಬರ್ತೀರಿ?"

ವಾಡಿಯಿಂದ ಬಂದಿದ್ದ ನೀಲಮ್ಮ, "ನಂದೇನಪಾ, ನೀವ್ ಹೋಗಿ ಬರ್ರಿ" ಎಂದಳು. ಅವಳ ಗಂಡ, ನನ್ನ ಮೈದುನ ಗುರಪ್ಪ, "ನಾ ಒಲ್ಲೆ, ಗಾಡ್ಯಾಗ ಇರುಕಾಗ್ತದ" ಎಂದ. ನಾನೂ "ನಾ ಯಾಕ ಬಿಡೋ" ಎಂದೆ.

ನಮ್ಮ ಸೀಮೆಯಲ್ಲಿ ಈ ಮಾತಿನ ಅರ್ಥ ಯಾರಿಗೆ ಗೊತ್ತಿಲ್ಲ? "ಸಾಕು ಸಾಕು" ಎನ್ನುವವರ ತಾಟಿಗೆ ಹೋಳಿಗೆ ಬೀಳಲೇಬೇಕು. ಬೀಳದಿದ್ದರೆ ಅವರು ಮುಂದಿನ ಹತ್ತು ವರ್ಷ ನೆನಪಿಡುತ್ತಾರೆ. ಆದರೆ ಶರಣು ಅಂದು ಮಗನಾಗಿ ಕೇಳಲಿಲ್ಲ, ಗುಮಾಸ್ತನಾಗಿ ಕೇಳಿದ. ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡ: ತಾನು, ಹೆಂಡತಿ ಸುಮಂಗಲಾ. ಇಬ್ಬರು.

ಬೆಳಿಗ್ಗೆ ಇಬ್ಬರ ಗಾಳಿ ಹಾಕಿಸಿಕೊಂಡು ಬಂದರೆ, ನೀಲಮ್ಮ ಇಳಕಲ್ ಸೀರೆ ಉಟ್ಟು, ಬ್ಯಾಗು ಹಿಡಿದು ಗೇಟಿನಲ್ಲಿ ನಿಂತಿದ್ದಾಳೆ.

"ಕಾಕಿ, ನೀ ಒಲ್ಲೆ ಅಂದಿದ್ದಿ!"

"ನೀ ಇನ್ನೊಮ್ಮೆ ಎಲ್ಲಿ ಕೇಳ್ದಿ? ಒಮ್ಮೆ ಕೇಳಿದ್ಕ ಹೂಂ ಅನ್ನಾಕ ನಾ ಏನ್ ಹಸದ್ ಕುಂತೀನೇನು?"

ಅವಳ ಹಿಂದೆ ಗುರಪ್ಪ. ಹೊಸ ಧೋತರ, ಎಣ್ಣೆ ಹಚ್ಚಿದ ಚಪ್ಪಲಿ. "ನಾ ಎಲ್ಲಿ ಬರ್ಲಿ? ಗುಂಡಗುರ್ತಿ ತನಕ ಅಷ್ಟ."

"ಗುಂಡಗುರ್ತಿ ತನಕ ಅಂದ್ರ ಎಷ್ಟ್ ಮಂದಿ ಅಂತ ಹಿಡೀಲಿ ಕಾಕಾ? ಅರ್ಧ?"

"ಅರ್ಧ ಯಾಕ? ಚಂದಾಪುರದಾಗ ಊಟ ಅದನೋ ಇಲ್ಲೋ?"

ಶರಣು ಮತ್ತೆ ಮೆಹಬೂಬನ ಕಡೆ ಹೋದ. ನಾಲ್ವರ ಗಾಳಿ ತಂದ.

ಇಷ್ಟು ಹೊತ್ತೂ ನಾನು ಹೊಸ್ತಿಲಲ್ಲಿ ಬುತ್ತಿಯ ಗಂಟು ಹಿಡಿದು ನಿಂತಿದ್ದೆ. ಒಗೆದ ಸೀರೆ ಉಟ್ಟಿದ್ದೆ. (ಸುಮ್ಮನೆ ಉಟ್ಟಿದ್ದೆ ಎಂದುಕೊಳ್ಳಿ.) ಐಶ್ವರ್ಯಾಳ ಕೈತುಂಬ ಹಸಿರು ಬಳೆ ನೋಡಬೇಕೆಂದು ಜೀವ ಎಳೆಯುತ್ತಿತ್ತು. ಆದರೆ ಗಂಡ ಸತ್ತವಳು ಇಂಥ ಕಾರ್ಯದಲ್ಲಿ ಮುಂದೆ ಬರಬಾರದು ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಿಲ್ಲ. ಹೇಳದಿದ್ದರೂ ಅದು ಕಿವಿಗೆ ಕೇಳಿಸುತ್ತದೆ. ಹಾಗಾಗಿ ಇನ್ನೊಮ್ಮೆ ಕರೆಯಲಿ ಎಂದು ಕಾಯುತ್ತಿದ್ದೆ.

"ಅತ್ತಿ ಒಲ್ಲೆ ಅಂದಾರ. ಬಿಸಲಾಗ ಅವರಿಗ್ಯಾಕ ತ್ರಾಸ?" ಎಂದಳು ಸುಮಂಗಲಾ. ಒಳ್ಳೆಯ ಮನಸ್ಸಿನಿಂದಲೇ. ಗಂಟು ನನ್ನ ಕೈಯಿಂದ ಕಾರಿನೊಳಗೆ ಹೋಯಿತು. ಬುತ್ತಿಗೂ ಜಾಗ ಸಿಕ್ಕಿತು. ಶರಣು ಕಾರು ಶುರು ಮಾಡಿದ.

"ನಾ ಬರ್ತೀನಿ" ಎಂದೆ.

ಕಾರು ಬಂದ್ ಆಯಿತು. ಎಲ್ಲರೂ ನನ್ನನ್ನೇ ನೋಡಿದರು. ಐವತ್ತು ವರ್ಷದ ಸಂಸಾರದಲ್ಲಿ ಈ ಮಾತು ನನ್ನ ಬಾಯಿಂದ ಹೀಗೆ ನೆಟ್ಟಗೆ ಬಂದಿರಲಿಲ್ಲ.

"ಯವ್ವಾ, ಖರೇನ ಬರ್ತಿಯೋ, ಮಾತಿಗೆ ಅನ್ನಾಕತ್ತಿಯೋ?" ಎಂದ ಶರಣು.

"ಮಾತಿಗೇ ಅಂದಿರ್ಬೇಕು ಬಿಡೋ. ವೈನಿ ಅಂಥವರಲ್ಲ" ಎಂದ ಗುರಪ್ಪ, ಕಾಲು ಇನ್ನಷ್ಟು ಚಾಚಿ.

ಒಲ್ಲೆ ಎಂದಾಗ ನಂಬಿದವರು, ಬರುತ್ತೇನೆ ಎಂದರೆ ನಂಬುವುದಿಲ್ಲವಲ್ಲ! ನಾನೇ ಬಾಗಿಲು ತೆಗೆದು ಒಳಗೆ ಕೂತೆ. ಗುರಪ್ಪನ ಕಾಲು ತಾನಾಗಿಯೇ ಮಡಚಿತು.

ಮೂರನೇ ಸಲ ನಮ್ಮನ್ನು ಕಂಡ ಮೆಹಬೂಬ ಗಾಳಿಯ ಪೈಪು ಹಿಡಿದೇ ಕಿಟಕಿಯೊಳಗೆ ಬಗ್ಗಿದ. "ಸರ್, ಮನ್ಯಾಗ ಇನ್ನ್ ಯಾರಾರ ಒಲ್ಲೆ ಅಂದವ್ರು ಉಳದಾರೇನ್ರಿ? ಒಮ್ಮೆಲೇ ಹಾಕಿಬಿಡ್ತೀನಿ."

ಐದು ಮಂದಿಯ ಗಾಳಿ ತುಂಬಿಕೊಂಡು ಕಾರು ಚಂದಾಪುರ ಮುಟ್ಟಿತು. ದಾರಿಯಲ್ಲಿ ಗುಂಡಗುರ್ತಿ ಬಂದಾಗ ಗುರಪ್ಪ ನಿದ್ದೆಯಲ್ಲಿದ್ದ. (ಕಣ್ಣು ಮಾತ್ರ ಮುಚ್ಚಿದ್ದವು.)

ಅಲ್ಲಿ ನಾನು ಹಿಂದಿನ ಸಾಲಿನಲ್ಲಿ, ಕಂಬಕ್ಕೆ ಒರಗಿ ಕೂತೆ. ಬೀಗತಿ, ಐಶ್ವರ್ಯಾಳ ಅತ್ತೆ, ಅರಿಶಿಣದ ಬಟ್ಟಲು ಹಿಡಿದು ನೆಟ್ಟಗೆ ನನ್ನ ಕಡೆಗೇ ಬಂದರು. "ಬರ್ರಿ, ಅಜ್ಜಿ ಕೈಯಿಂದ ಮೊದಲು ಹಚ್ಚರಿ."

"ಬ್ಯಾಡ್ರಿ, ನಾ ಯಾಕ?" ಎಂದಿತು ನನ್ನ ಬಾಯಿ, ರೂಢಿಯಂತೆ.

ಬೀಗತಿ ಪಾಪ, ಬಟ್ಟಲು ತೆಗೆದುಕೊಂಡು ತಿರುಗಿಯೇ ಬಿಟ್ಟರು. ಆಗ ಗಂಡಸರ ಸಾಲಿನಿಂದ ಶರಣು ಎದ್ದು ನಿಂತು ಕೂಗಿದ: "ತಡೀರಿ, ಇನ್ನೊಮ್ಮೆ ಕೇಳ್ರಿ! ಬೆಳಗಿನಿಂದ ನೋಡಾಕತ್ತೀನಿ, ನಮ್ಮ ಮಂದೀದು ಮೊದಲ್ನೇ ಲೆಕ್ಕ ಭಾಳ ತಪ್ಪು ಬರ್ತದ!"

ಮನೆಯೆಲ್ಲ ನಕ್ಕಿತು. ಬೀಗತಿ ಇನ್ನೊಮ್ಮೆ ಕೇಳಿದರು. ನಾನೆದ್ದು ಹೋಗಿ, ಆ ಹುಡುಗಿಯ ಕೆನ್ನೆಗೆ ಅರಿಶಿಣ ಹಚ್ಚಿದೆ.

ನಿಮ್ಮ ಮನೆಯಲ್ಲಿ "ನಾ ಒಲ್ಲೆ" ಎಂದು ಹೊಸ್ತಿಲಲ್ಲಿ ನಿಂತವರನ್ನು ನೀವು ಎಷ್ಟು ಸಲ ಕೇಳುತ್ತೀರಿ?