ಕೋಡಿ ಬೀಳದೆ ಬಾಗಿನವಿಲ್ಲ

ಸರ್ಕಾರದಿಂದ ಕೆಲಸ ಆಗಬೇಕಾದರೆ ನಾವು ಕಚೇರಿಗೆ ಅಲೆಯುವುದಕ್ಕಿಂತ, ಕೆಲಸ ಇರುವ ಜಾಗಕ್ಕೇ ಸರ್ಕಾರವನ್ನು ಬರಮಾಡಿಕೊಳ್ಳುವುದು ಮೇಲು. ಅದೂ ಒಬ್ಬೊಬ್ಬರನ್ನಲ್ಲ, ಎಲ್ಲರನ್ನೂ ಒಟ್ಟಿಗೆ. ಇದನ್ನು ನಾನು ಕಲಿತದ್ದು ಮೊರ ಮಾರುತ್ತಾ.

ಐವತ್ತರ ದಶಕದ ಕೊನೆಯ ಮಾತು. ಗುಬ್ಬಿ ಸಂತೆ, ಕುಣಿಗಲ್ ಸಂತೆ, ತುಮಕೂರಿನ ಪೇಟೆ ಎಂದು ಸುತ್ತಿ ಮೊರ, ಬಳೆ, ಅರಿಸಿನ-ಕುಂಕುಮ ಮಾರಿ ಸ್ವಂತ ಮನೆ ಮಾಡಿಕೊಂಡವಳು ನಾನು. ಮನೆ ಇದ್ದದ್ದು ಹೆಬ್ಬೂರಿನಿಂದಾಚೆ, ನಮ್ಮೂರ ಕೆರೆ ಏರಿಯ ಕೆಳಗೆ. ಅಲ್ಲಿ ಜಾಗ ಅಗ್ಗ. ಯಾಕೆ ಅಗ್ಗವೆಂದು ಮೊದಲ ಮಳೆಗಾಲದಲ್ಲೇ ತಿಳಿಯಿತು. ಏರಿ ಜಿನುಗಿ ಹಿತ್ತಿಲ ಗೋಡೆಯ ಬುಡ ಸದಾ ಒದ್ದೆ.

ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹರಿದುಹೋಗಲೆಂದು ಏರಿಯ ತುದಿಯಲ್ಲಿ ತಗ್ಗಿಸಿ ಕಟ್ಟಿದ ಕಲ್ಲುಕಟ್ಟೆಯೇ ಕೋಡಿ; ನೀರು ಅದರ ಮೇಲೆ ಹರಿದರೆ ಕೋಡಿ ಬಿತ್ತು ಎನ್ನುತ್ತಾರೆ. ನಮ್ಮೂರ ಗದ್ದೆಯವರು ವರ್ಷಾ ವರ್ಷಾ ಅದರ ಮೇಲೆ ಕಲ್ಲು ಪೇರಿಸಿ, ಸಂದಿಗೆ ಹುಲ್ಲುಹೆಂಟೆ ತುರುಕಿ, ಮೊಳದಷ್ಟು ನೀರು ಹೆಚ್ಚಿಗೆ ನಿಲ್ಲಿಸಿಕೊಳ್ಳುತ್ತಿದ್ದರು. ಬೇಸಿಗೆ ಭತ್ತಕ್ಕೆ ಅದು ಆಗುತ್ತಿತ್ತು. ನಮ್ಮ ಬೀದಿಗೆ ಮಾತ್ರ ಅದು ತಲೆಯ ಮೇಲೆ ನಿಲ್ಲಿಸಿದ ನೀರು. ಜೋರು ಮಳೆ ಹಿಡಿದರೆ ನೀರು ಏರಿಯನ್ನೇ ಒಡೆಯಬೇಕು. ಒಡೆದರೆ ಮೊದಲು ಸಿಗುವುದು ನಮ್ಮ ಮನೆಗಳೇ.

ಕಲ್ಲು ತೆಗೆಸಿ ಎಂದು ಪಂಚಾಯ್ತಿ ಚೇರ್ಮನ್ನರನ್ನು ಕೇಳಿದೆ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಗದ್ದೆ ಅವರದೇ. "ಕೆರೆ ಸರ್ಕಾರದ್ದು ಕಣಕ್ಕಾ, ನಾವು ಮುಟ್ಟಂಗಿಲ್ಲ" ಎಂದರು. ಕಲ್ಲು ಪೇರಿಸುವಾಗ ಮುಟ್ಟಬಹುದಿತ್ತೇನೋ. ಇಂಜಿನಿಯರ್ ಕಚೇರಿಗೆ ಹೋದೆ. "ಕಟ್ಟಡ ನಮ್ಮದು, ಅಡ್ಡಿ ತೆಗೆಸೋದು ಅಮಲ್ದಾರ್ರದು." ತಾಲ್ಲೂಕಿನ ಅಮಲ್ದಾರರ ಕಚೇರಿಯಲ್ಲಿ, "ಕೋಡಿ ಇಂಜಿನಿಯರ್ರದಮ್ಮ. ಹಾಗೇನಾದರೂ ಅನಾಹುತ ಆದರೆ ಗಂಜಿ ಕೇಂದ್ರ ತೆಗೀತೀವಿ, ಹೆದರಬೇಡಿ."

ಮನೆ ಕೊಚ್ಚಿಹೋದ ಮೇಲೆ ಗಂಜಿ ಹುಯ್ಯಲು ಅವರು ತಯಾರು. ನನಗೆ ಬೇಕಾದದ್ದು ಗಂಜಿಯಲ್ಲ, ಗೋಡೆ.

ಆ ವರ್ಷ ಮಳೆ ಚೆನ್ನಾಗಿ ಬಿತ್ತು. ನೀರು ಕಲ್ಲಿನ ಅಂಚಿಗೆ ಬಂದು ನಿಂತಿತು. ಚುನಾವಣೆ ಹತ್ತಿರವಿತ್ತು. ಒಂದು ಬೆಳಿಗ್ಗೆ ಚೇರ್ಮನ್ನರು ನನ್ನ ಜಗಲಿಗೇ ಬಂದರು.

"ಅಕ್ಕಾ, ಅಮಲ್ದಾರ್ರು, ಇಂಜಿನಿಯರ್ರು ಮನೆಯೋರ ಸಮೇತ ಬಾಗಿನಕ್ಕೆ ಬತ್ತವ್ರೆ. ಒಳ್ಳೇ ಮೊರ ನೋಡಿ ಅರಿಸಿನ ಬಳ್ದು ಮಡಗು."

"ಮಡಗ್ತೀನಿ. ಕೋಡಿ ಯಾವಾಗ ಬಿತ್ತಣ್ಣ? ನಂಗೆ ಕಾಣ್ಲೇ ಇಲ್ಲ."

"ಕೆರೆ ತುಂಬೈತಲ್ಲ, ಇನ್ನೇನು."

"ಬಾಗಿನ ಹರಿಯೋ ಗಂಗಮ್ಮಂಗೆ. ಬಾಗ್ಲು ಹಾಕಿ ಒಳಗೆ ಕೂಡಾಕಿ, ಬಳೆ ತೊಟ್ಕೋ ತಾಯಿ ಅಂತೀಯಾ?"

ಅವರು ನಕ್ಕರು. "ಗದ್ದೆ ಇಲ್ದೋಳಿಗೆ ಕೆರೆ ಉಸಾಬರಿ ಯಾಕೆ? ಮೊರ ಮಾರು, ಸಾಕು. ನೀನಿಲ್ದಿದ್ರೆ ಸಂತೇಲಿ ಸಿಗ್ತವೆ."

"ಮೊರ ಸಿಗ್ತವೆ. ಹಿಡ್ಕೊಳ್ಳೋ ಹೆಂಗಸ್ರು ಸಿಗ್ತಾರಾ?"

ಅವರು ಅತ್ತ ಹೋದದ್ದೇ ನಾನು ಅವರ ತಾಯಿಯ ಹತ್ತಿರ ಹೋದೆ. ಊರಿನ ಬಾಗಿನದ ಶಾಸ್ತ್ರವೆಲ್ಲ ಆ ಮುದುಕಿಯ ಬಾಯಲ್ಲಿ. ಕೋಡಿ ಬಿದ್ದು ನೀರು ಹರಿದ ಮೇಲೆಯೇ ಹೆಂಗಸರು ಮೊರದಲ್ಲಿ ಬಳೆ, ಕುಪ್ಪಸದ ಕಣ, ಅಕ್ಕಿ, ಬೆಲ್ಲ ಇಟ್ಟು, ಇನ್ನೊಂದು ಮೊರ ಮುಚ್ಚಿ ನೀರಿಗೆ ಬಿಡಬೇಕು. ಸಂಗತಿ ಕೇಳಿ ಆಕೆ ಮಗನನ್ನು ಕರೆಸಿದರು. "ಏನ್ಲಾ, ನಿನ್ ಓಟಿಗೋಸ್ಕರ ಶಾಸ್ತ್ರ ತಿರುವಾಕ್ತೀಯೇನ್ಲಾ? ನಮ್ಮನೆ ಸೊಸೇರು ಯಾರೂ ಬರಾಕಿಲ್ಲ, ನೀನೇ ಸೀರೆ ಉಟ್ಕೊಂಡೋಗು."

ಸಂಜೆ ಚೇರ್ಮನ್ನರು ಗದ್ದೆಯವರನ್ನು ಕಟ್ಟಿಕೊಂಡು ಬಂದರು. "ಕಲ್ಲು ತೆಗುದ್ರೆ ಬೇಸ್ಗೆಗೆ ನೀರು ನೀನ್ ಕೊಡ್ತೀಯಾ?"

ವ್ಯಾಪಾರ ಮಾಡುವವರಿಗೆ ಒಂದು ಮಾತು ಹೇಳುತ್ತೇನೆ. ಎದುರಿನವರನ್ನು ಬರಿಗೈಯಲ್ಲಿ ಕಳಿಸಿದರೆ ಆ ವ್ಯಾಪಾರ ನಿಲ್ಲುವುದಿಲ್ಲ. ಗದ್ದೆಗೆ ನೀರು ಬಿಡುವ ತೂಬಿನ ಕಲ್ಲು ಸವೆದು ವರ್ಷವಿಡೀ ಸೋರುತ್ತಿತ್ತು. ಅವರು ಕೋಡಿ ಕಟ್ಟಿ ಉಳಿಸಿದ ನೀರೆಲ್ಲ ಆ ತೂಬಿನಲ್ಲೇ ಹೋಗುತ್ತಿತ್ತು.

"ತೂಬು ರಿಪೇರಿ ಮಾಡ್ಸಿ ಅಂತ ನೀವು ಕೇಳಿ, ಕೋಡಿ ಬಿಡ್ಸಿ ಅಂತ ನಾವು ಕೇಳ್ತೀವಿ. ಇಬ್ರೂ ಒಂದಾದ್ರೆ ಆ ಸಾಹೇಬ್ರು ಯಾರ ಮೇಲೆ ಹಾಕಿ ಜಾರ್ಕೋತಾರೆ?"

"ಮಾತು ಕೊಟ್ಟೋರು ಮರ್ತ್ರೆ?"

"ಬೆನ್ನು ಬೀಳೋಳು ನಾನು. ಮಾಡ್ಸದಿದ್ರೆ ಬರೋ ವರ್ಷ ಕಲ್ಲು ಪೇರ್ಸಿ, ನಾನು ತುಟಿ ಪಿಟಕ್ ಅನ್ನಲ್ಲ." ನನ್ನ ಮನೆಯನ್ನೇ ಪಣಕ್ಕಿಟ್ಟಂತಾಯಿತು. ಆದರೆ ಅಷ್ಟು ಇಡದೆ ಅವರು ಒಪ್ಪುತ್ತಿರಲಿಲ್ಲ. ಕಲ್ಲಿನ ಮಾತು, ತೂಬಿನ ಮಾತು ಎರಡನ್ನೂ ಬಾಗಿನದ ದಿನ ಸಾಹೇಬರ ಎದುರಿಗೇ ಎತ್ತುವುದೆಂದಾಯಿತು.

ಬಾಗಿನದ ದಿನ ಜೀಪು ಏರಿಯ ಮೇಲೆ ಬಂತು. ನಾವು ಹೆಂಗಸರು ಮೊರ ಹಿಡಿದು ಕೋಡಿಯ ಪಕ್ಕ ಸಾಲಾಗಿ ನಿಂತಿದ್ದೆವು. ಇಂಜಿನಿಯರರ ಹೆಂಡತಿ ಅತ್ತಿತ್ತ ನೋಡಿ, "ಕೋಡಿ ಎಲ್ಲಿ ಬಿದ್ದಿದೆ?" ಎಂದರು. ಅಮಲ್ದಾರರು ಕಲ್ಲಿನ ಸಾಲು ನೋಡಿ ಇಂಜಿನಿಯರರ ಕಡೆ ತಿರುಗಿದರು.

"ಇದು ತಮ್ಮದಲ್ಲವೇ?"

"ಕಟ್ಟಡ ನಮ್ಮದು ಸ್ವಾಮಿ. ಅಡ್ಡಿ ತೆಗೆಸೋದು ತಮ್ಮದು."

ನಾನು ಮುಂದೆ ಬಂದೆ. "ಇದೇ ಮಾತನ್ನ ಬೇರೆ ಬೇರೆ ಕಚೇರೀಲಿ ಕೂತು ನಂಗೆ ಹೇಳಿದ್ರಿ. ಈಗ ಇಬ್ರೂ ಒಂದೇ ಕಡೆ ನಿಂತಿದೀರಿ. ಯಾರದು ಅಂತ ತೀರ್ಮಾನ ಆಗೋ ಗಂಟ ನಾವೂ ನಿಂತಿರ್ತೀವಿ. ನಮಗೇನೂ ಅವಸರ ಇಲ್ಲ."

"ಯಾರದಾದ್ರೂ ಆಗ್ಲಿ, ತೆಗೆಸ್ರೀ. ಬಿಸಿಲು ಏರ್ತಿದೆ" ಎಂದರು ಇಂಜಿನಿಯರರ ಹೆಂಡತಿ.

ಅಮಲ್ದಾರರು ಹೂಂ ಎಂದರು, ಇಂಜಿನಿಯರರು ಹೂಂ ಎಂದರು. ತಾಯಿ ನೋಡುತ್ತಿದ್ದರಿಂದಲೋ ಏನೋ, ಮೊದಲ ಕಲ್ಲನ್ನು ಚೇರ್ಮನ್ನರೇ ಕಿತ್ತರು. ಅದರ ಹಿಂದೆಯೇ ಗದ್ದೆಯವರೆಲ್ಲ ಇಳಿದರು. ನೀರು ಕೋಡಿ ಹತ್ತಿ ಹಳ್ಳಕ್ಕೆ ಧುಮುಕಿತು. ಮೊರ ಕೈಬಿಡುವ ಮೊದಲು ಗದ್ದೆಯವರು ತೂಬಿನ ಮಾತು ಎತ್ತಿದರು. "ನೀರಿಳಿದ ಮೇಲೆ ಮಾಡಿಸ್ತೀನಿ" ಎಂದರು ಇಂಜಿನಿಯರರು, ಊರೆಲ್ಲ ಕೇಳುವ ಹಾಗೆ. ಆಮೇಲೆ ಬಾಗಿನ ತೇಲಿತು.

ಕೆಲವೇ ದಿನಗಳಲ್ಲಿ ಚಿತ್ತೆ ಮಳೆ ಹಿಡಿದುಕೊಂಡಿತು. ಕೋಡಿಯ ಸದ್ದಿಗೆ ಬೀದಿಯಲ್ಲಿ ಮಾತು ಕೇಳಿಸುತ್ತಿರಲಿಲ್ಲ. ನಾವು ಪೆಟ್ಟಿಗೆ, ಹಾಸಿಗೆ, ಕೂಸುಗಳನ್ನು ಚೇರ್ಮನ್ನರ ಪಡಸಾಲೆಗೆ ಸಾಗಿಸಿದ್ದೆವು. ಏರಿ ಬೆವರಿತು, ಒಡೆಯಲಿಲ್ಲ. ಮಳೆ ನಿಂತಾಗ ಚೇರ್ಮನ್ನರು ನನ್ನ ಜೊತೆ ಏರಿ ಹತ್ತಿದರು. ನೀರು ಏರಿಯ ನೆತ್ತಿಗೆ ಮೊಳ ಕೆಳಗಿತ್ತು. ಅವರು ಕಲ್ಲು ಪೇರಿಸುತ್ತಿದ್ದದ್ದೂ ಅಷ್ಟೇ ಎತ್ತರ. ಚೇರ್ಮನ್ನರು ಬಗ್ಗಿ ಮೊಳಕೈ ಇಟ್ಟು ಅಳೆದು ನೋಡಿದರು.

ಬೇಸಿಗೆಗೆ ನೀರಿಳಿಯಿತು. ತೂಬಿನ ಹತ್ತಿರ ಯಾರೂ ಸುಳಿಯಲಿಲ್ಲ. ನಾನು ಮೊರದ ಹೊರೆ ಹೊತ್ತು ಬಸ್ ಹತ್ತಿ, ಇಂಜಿನಿಯರ್ ಕಚೇರಿಯ ಜಗಲಿಯಲ್ಲೇ ಅಂಗಡಿ ಹರಡಿದೆ. ಗುಮಾಸ್ತರು ಎದ್ದು ಹೋಗು ಎಂದರು. ಬಳೆ ಬೇಕಾ, ಮನೆಯವ್ರಿಗೆ ಎಂದೆ. ಮಧ್ಯಾಹ್ನಕ್ಕೆ ಇಂಜಿನಿಯರರು ಹೊರಗೆ ಬಂದರು.

"ಏನಮ್ಮಾ, ಇಲ್ಲೂ ಸಂತೆಯೇ?"

"ನೀರಿಳಿದೈತೆ ಸಾರ್."

"ನೋಡೋಣ. ಬರ್ತೀನಿ ಒಂದಿನ."

"ಜೀಪು ಇಲ್ಲೇ ನಿಂತೈತಲ್ಲ," ಎಂದು ಮೊರಗಳನ್ನು ಒಂದರೊಳಗೊಂದು ಜೋಡಿಸತೊಡಗಿದೆ. "ಹಿಂದ್ಗಡೆ ಜಾಗ ಐತೆ. ನಾನೂ ಬತ್ತೀನಿ, ನಡೀರಿ."