ಹಿಂಬಾಗಿಲಿನ ಅರ್ಜಿ

ಸರಕೆಂದು ತೂಗಿ ನೋಡಿದರೆ ನಮ್ಮ ಟೈಪಿಸ್ಟ್ ಅಕ್ಕನಿಗೆ ಗಿರಾಕಿ ಸಿಗುವುದು ಕಷ್ಟ. ಗಾತ್ರ ಸಣ್ಣದು, ಬಣ್ಣ ಮಾಸಿದೆ, ನಾಲಿಗೆ ಹರಿತ. ಆದರೆ ಬಾಳಿಕೆ ಬರುವ ಮಾಲು. ನನ್ನ ಬಣ್ಣದಂಗಡಿ ದಾಟಿದರೆ ಇಕ್ಕಟ್ಟಾದ ದಾರಿ. ಅದರ ಕೊನೆಗೆ, ಮೆಟ್ಟಿಲ ಕೆಳಗೆ, ಆಗ ಅವರ ಮೇಜು ಇತ್ತು. ನೆಟ್ಟಗೆ ಎದ್ದರೆ ತಲೆ ಬಡಿಯುತ್ತಿತ್ತು. ಬಗ್ಗಿ ಏಳುವುದು ಎಷ್ಟು ಅಭ್ಯಾಸವಾಗಿದೆಯೆಂದರೆ ಬಯಲಲ್ಲೂ ಬಗ್ಗಿಯೇ ಏಳುತ್ತಾರೆ. ಬಾಡಿಗೆ ಕರಾರಿರಲಿಲ್ಲ, ಕಟ್ಟಡದ ಮಾಲೀಕನ ಕಣ್ಣು ಕೆಂಪಾದರೆ ಜಾಗ ಹೋಯಿತು.

ಆ ಮಾಲೀಕ ಒಂದು ದಿನ ಅಕ್ಕನ ಬೆನ್ನ ಹಿಂದಿದ್ದ ಹಿಂಬಾಗಿಲಿಗೆ ಬೀಗ ಜಡಿದು, ಹಳೇ ಬೀರುಗಳನ್ನು ಅಡ್ಡ ಇಟ್ಟ. ನನ್ನ ಸರಕು ಇಳಿಸುವ ದಾರಿ ಬಂದಾಯಿತು. ನಗರಸಭೆಗೆ ಅರ್ಜಿಯೊಂದನ್ನು ನಾನೇ ಗೀಚಿ, ಟೈಪ್ ಮಾಡಲು ಅಕ್ಕನಿಗೆ ಕೊಟ್ಟೆ.

"'ಹೇಳತೀರದ ಸಂಕಟ'. ಹೇಳೋಕಾಗಲ್ಲ ಅಂದ್ಮೇಲೆ ಬರೆದಿದ್ಯಾಕೆ ಸಾವ್ಕಾರ್ರೇ?"

"ಜೋರಾಗಿರ್ಲಿ ಅಂತ."

"ಅರಚಿದ್ರೆ ಜೋರಾಗಲ್ಲ. ಬಾಗಿಲು ಮುಚ್ಚಿದ್ರೆ ನಿಮಗೇನಾಗತ್ತೆ?"

"ಸರಕು ತಡ ಆಗತ್ತೆ."

ಅದನ್ನೇ ಟೈಪ್ ಮಾಡಿದರು. ಕಚೇರಿಯವರು ಮುಂಬಾಗಿಲಿದೆಯಲ್ಲ ಎಂದು ವಾಪಸ್ ಕಳಿಸಿದರು.

ಅಕ್ಕ ಮತ್ತೆ ಕೂತರು. ಯಾರಿಗೆ ಏನಾಗುತ್ತದೆಂದು ಹೇಳದ ಸಾಲನ್ನು ಹೊಡೆದುಹಾಕುವುದು ಅವರ ಪದ್ಧತಿ. 'ಬೆಂಕಿ ಹತ್ತಿದರೆ ಜನರಿಗೆ ಅಪಾಯ' ಎಂದು ಬರೆದು ಅದನ್ನೂ ಹೊಡೆದರು.

"ಚೆನ್ನಾಗಿತ್ತಲ್ಲಕ್ಕಾ!"

"ಜನ ಅಂದ್ರೆ ಯಾರು? ನೀವು ಒಂದೇ ಜಿಗಿತಕ್ಕೆ ಬೀದೀಲಿರ್ತೀರಿ. ಒಳಗೆ ಉಳಿಯೋದ್ಯಾರು?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಅಕ್ಕ ಅದನ್ನು ಬರೆದು ತಾವೇ ಸಹಿ ಹಾಕಿದರೆ ಅವರ ಮೇಜು ಉಳಿಯುವುದಿಲ್ಲ ಎಂಬುದೂ ಗೊತ್ತಿತ್ತು. ಅವರ ಬೆರಳು ಟೈಪ್‌ರೈಟರಿನ ಕೀಲಿಯ ಮೇಲೆ ನಿಂತೇ ಇತ್ತು.

"ಬಿಡಿ ಅಕ್ಕಾ, ಹಳೇದೇ ಇರ್ಲಿ."

"ಹಳೇದಕ್ಕೆ ಬಾಗಿಲು ತೆಗೆಯಲ್ಲ."

ಆಮೇಲೆ ಬರೆದರು: 'ನನ್ನ ಮುಂದೆ ಬಣ್ಣದಂಗಡಿಯ ಥಿನ್ನರ್ ಡಬ್ಬಗಳು. ಹಿಂದೆ ಬೀಗ. ಬೆಂಕಿ ಹತ್ತಿದರೆ ನನಗೆ ಪ್ರಾಣಾಪಾಯವಾದೀತು.' ಕೊನೆಯ ಎರಡು ಪದ ಹೊಡೆದು, 'ನಾನು ಇಲ್ಲೇ ಸಾಯುತ್ತೇನೆ' ಎಂದು ತಿದ್ದಿ, ಸಹಿ ಹಾಕಿದರು.

"ನನ್ನ ಡಬ್ಬಗಳನ್ಯಾಕೆ ಎಳೆದ್ರಿ?"

"ಉರಿಯೋದು ಅವೇ ತಾನೇ?"

ಈ ಸಲ ಅಧಿಕಾರಿಯೇ ಬಂದ. ಅಕ್ಕನ ಕುರ್ಚಿಯಲ್ಲಿ ಕೂತು ನೋಡಿದ; ಏಳುವಾಗ ತಲೆ ಬಡಿಸಿಕೊಂಡ. ಬೀರುಗಳು ಹೋದವು, ಬಾಗಿಲು ತೆರೆಯಿತು. ಅದರ ಬೆನ್ನಿಗೇ ಮಾಲೀಕ ಅಕ್ಕನ ಜಾಗ ಖಾಲಿ ಮಾಡಿಸಿದ.

ಈಗ ಅವರ ಮೇಜು ನನ್ನಂಗಡಿಯೊಳಗೆ, ಅಟ್ಟದ ಕೆಳಗಿದೆ. ಅಲ್ಲೂ ಬಗ್ಗಿಯೇ ಏಳಬೇಕು. ನನ್ನ ಸರಕು ಹಿಂಬಾಗಿಲಿನಿಂದ ಆರಾಮಾಗಿ ಬರುತ್ತಿದೆ. ನೆಟ್ಟಗೆ ನಿಲ್ಲುವಷ್ಟು ಜಾಗವನ್ನು ನಾನು ಅವರಿಗೆ ಕೊಡುವುದು ಇನ್ನೂ ಬಾಕಿಯಿದೆ.